ಬೆಂಗಳೂರು–ಮೈಸೂರು 300: ಗುಪ್ತ ಕಂಟ್ರೋಲ್ ಎಲ್ಲಿಡೋದು, ಇಡಲೇಬೇಕಾ?

ಹಳೇರಸ್ತೆ
ಮುಂದಿನ 300ರ (300 ಕಿ.ಮೀ. ಸೈಕಲ್ ಬ್ರೆವೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ರೂಟು ಬೆಂಗಳೂರು–ಮೈಸೂರು–ಬೆಂಗಳೂರು, ಪೂರ್ತಿ ಹಳೇ ರಸ್ತೆ. ಬೆಳಿಗ್ಗೆ 6ಕ್ಕೆ ಸ್ಟಾರ್ಟ್, ಸುಮಾರು 70 ಸವಾರರು. ಬ್ರೆವೆ ಕಾರ್ಡಿನಲ್ಲಿ ಅಚ್ಚಾಗೋ ಕಂಟ್ರೋಲು (ಸವಾರರು ನಿಂತು ಕಾರ್ಡಿಗೆ ಮೊಹರು, ಸಮಯ ಹಾಕಿಸ್ಕೊಳ್ಳೋ ಜಾಗ) ಮೂರೇ: ಮಂಡ್ಯ, ಮೈಸೂರು, ವಾಪಸ್ ಬರುವಾಗ ಮತ್ತೆ ಮಂಡ್ಯ. ತೊಡಕು ಇರೋದು ಬಿಡದಿಯಿಂದ ಮಂಡ್ಯದವರೆಗಿನ ಪಟ್ಟಿಯಲ್ಲಿ. ಹಳೇ ರಸ್ತೆ ರಾಮನಗರ, ಚನ್ನಪಟ್ಟಣ, ಮದ್ದೂರಿನ ಊರೊಳಗೇ ಹೋಗುತ್ತೆ. ಹಂಪು, ಸಿಗ್ನಲ್ಲು, ಸಂತೆ, ಬಸ್ ಸ್ಟ್ಯಾಂಡು, ಎಲ್ಲಾ ಉಂಟು. ಪಕ್ಕದಲ್ಲೇ ಎಕ್ಸ್‌ಪ್ರೆಸ್‌ವೇ ಬೈಪಾಸು ಕನ್ನಡಿ ಹಾಗೆ ಬಿದ್ದಿದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್ಲೂ ಹೋಗೋ ಹಾಗಿಲ್ಲ. ಆದರೂ ಯಾರಾದರೂ ಹತ್ತೇ ಹತ್ತುತ್ತಾರೆ ಅನ್ನೋದು ಗೊತ್ತಿರೋ ವಿಷಯ.

ಹಾಗಾಗಿ ಹಳೇ ರಸ್ತೆ ಮೇಲೆ ಒಂದು ಗುಪ್ತ ಕಂಟ್ರೋಲ್, ಅಂದರೆ ಸವಾರರಿಗೆ ಮುಂಚೆ ಹೇಳದ ಕಂಟ್ರೋಲ್, ಇಡೋಣ ಅಂತ. ಹೋಗುವಾಗಲೋ ಬರುವಾಗಲೋ? ಎಷ್ಟು ಜನ ಬೇಕು? ಎಷ್ಟರಿಂದ ಎಷ್ಟರವರೆಗೆ ಕೂರಬೇಕು? ತಪ್ಪಿಸಿಕೊಂಡವರ ಕಾರ್ಡು ಏನು ಮಾಡೋದು?

ಹನ್ನೆರಡುಹಲ್ಲು
ಬೇಡ. ಎಲ್ಲರ ಹತ್ರ ಜಿಪಿಎಸ್ ಇದೆ. ಫೈಲ್ ತಗೊಳ್ಳಿ, ನೋಡಿ, ಮುಗೀತು. ಇಬ್ಬರನ್ನ ಬಿಸಿಲಲ್ಲಿ ಕೂರಿಸೋದು 1921ರ ಬುದ್ಧಿ.

ಲೆಕ್ಕದಮೇಷ್ಟ್ರು
ಮೊದಲು ಸಮಯದ ಲೆಕ್ಕ ಹಾಕಿ, ಜಾಗ ತಾನಾಗೇ ಗೊತ್ತಾಗುತ್ತೆ. ಎಸಿಪಿ (ಬ್ರೆವೆಗಳ ನಿಯಮ ಮಾಡೋ ಪ್ಯಾರಿಸ್ಸಿನ ಕ್ಲಬ್ಬು) ಲೆಕ್ಕದಲ್ಲಿ ಕಂಟ್ರೋಲು ತೆರೆಯೋ ಹೊತ್ತಿಗೆ ಮೊದಲ 200 ಕಿ.ಮೀ.ಗೆ ಗಂಟೆಗೆ 34, ಅಲ್ಲಿಂದ 400ರವರೆಗೆ 32. ಮುಚ್ಚೋ ಹೊತ್ತಿಗೆ 15, 600ರವರೆಗೂ ಅಷ್ಟೇ. ನಿಮ್ಮ ಸ್ಟಾರ್ಟಿನಿಂದ ಚನ್ನಪಟ್ಟಣ 60 ಅಂತಿಟ್ಟುಕೊಂಡರೆ 1 ಗಂಟೆ 46 ನಿಮಿಷಕ್ಕೆ ತೆರೆಯಬೇಕು, 4 ಗಂಟೆಗೆ ಮುಚ್ಚಬೇಕು. ಅಂದರೆ 7:46ರಿಂದ 10:00. ಕೂರೋದು ಎರಡೂಕಾಲು ಗಂಟೆ.

ಅದೇ ಚನ್ನಪಟ್ಟಣ ವಾಪಸ್ ಬರುವಾಗ 240ನೇ ಕಿ.ಮೀ. ತೆರೆಯೋದು 7 ಗಂಟೆ 8 ನಿಮಿಷಕ್ಕೆ, ಮುಚ್ಚೋದು 16 ಗಂಟೆಗೆ. ಮಧ್ಯಾಹ್ನ 1:08ರಿಂದ ರಾತ್ರಿ 10. ಹತ್ತಿರ ಹತ್ತಿರ ಒಂಬತ್ತು ಗಂಟೆ! ಸವಾರರ ಬಾಲ ಹೋಗ್ತಾ ಹೋಗ್ತಾ ಉದ್ದ ಆಗುತ್ತೆ, ಕೂರೋರ ಊಟ ತಿಂಡಿ ಖರ್ಚೂ ಅದರ ಜೊತೆಗೇ. ಇಬ್ಬರೇ ಇದ್ದರೆ ಹೋಗುವಾಗ ಇಡಿ.

ಗಾಳಿಎದುರು
ಮೇಷ್ಟ್ರೇ, ಮೊದಲ 60 ಕಿ.ಮೀ.ಗೆ ಮುಚ್ಚೋ ಲೆಕ್ಕ ಬೇರೆ ಅಲ್ವಾ? ಗಂಟೆಗೆ 20, ಮೇಲೆ ಒಂದು ಗಂಟೆ.

ಲೆಕ್ಕದಮೇಷ್ಟ್ರು
ಹೌದು, ಸ್ಟಾರ್ಟಿನಲ್ಲಿ ತಡವಾಗಿ ಹೊರಟವರಿಗೆ ಉಸಿರು ಬಿಡೋಕೆ ಅಂತ. 60ಕ್ಕೆ ಎರಡೂ ಲೆಕ್ಕ ಸರಿಯಾಗಿ 4 ಗಂಟೆಗೇ ಬಂದು ಸೇರುತ್ತೆ. 30ನೇ ಕಿ.ಮೀ. ಬಿಡದಿಯಲ್ಲಿ ಇಟ್ಟರೆ ಮಾತ್ರ ವ್ಯತ್ಯಾಸ: 2 ಗಂಟೆ ಅಲ್ಲ, 2:30.

ಪಂಚರ್‌ಪುಟ್ಟ
ಬಿಡದಿಯಲ್ಲಿಟ್ಟರೆ ಅದು ಗುಪ್ತ ಕಂಟ್ರೋಲ್ ಅಲ್ಲ, ತಟ್ಟೆ ಇಡ್ಲಿ ಕಂಟ್ರೋಲ್. ಹೇಗಿದ್ರೂ 70ರಲ್ಲಿ 60 ಜನ ಅಲ್ಲಿ ನಿಂತೇ ನಿಲ್ಲುತ್ತಾರೆ.

ಕಡಲತಡಿ
@ಹನ್ನೆರಡುಹಲ್ಲು ಜಿಪಿಎಸ್ ಸಾಕು ಅಂತೀರಲ್ಲ ಮಾರಾಯ್ರೆ, ಬೈಪಾಸ್ ಹಳೇ ರಸ್ತೆಯಿಂದ ದೂರ ಸರಿದ ಕಡೆ ಸಾಕು. ಆದರೆ ಊರು ಬಿಟ್ಟ ಜಾಗದಲ್ಲಿ ಎಂತ ಆಗ್ತದೆ? ಸರ್ವಿಸ್ ರೋಡ್, ಮುಖ್ಯ ಪಥ ಎರಡೂ ಅಕ್ಕಪಕ್ಕ, ನಡುವೆ ಒಂದು ಬೇಲಿ. ಹ್ಯಾಂಡಲ್ ಮೇಲಿರುವ ಯಂತ್ರದ ತಪ್ಪು ಐದರಿಂದ ಹತ್ತು ಮೀಟರ್ ಮಾಮೂಲು, ಜೇಬೊಳಗಿನ ಫೋನ್ ಆದರೆ ಇನ್ನೂ ಜಾಸ್ತಿ. ಗೆರೆ ಸರ್ವಿಸ್ ರೋಡ್ ಮೇಲೆ ಬಿತ್ತಾ ಬೇಲಿ ಆಚೆ ಬಿತ್ತಾ ಅಂತ ಅದನ್ನು ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಸ್ಟ್ಯಾಂಡ್‌ಲೈಟ್
ಇದೇ ಮುಖ್ಯ ಮಾತು. ಜಿಪಿಎಸ್ ಫೈಲಿನಲ್ಲಿ ಸೈಕಲ್ ಎಲ್ಲಿತ್ತು ಅನ್ನೋದು ಮಾತ್ರ ಇರುತ್ತೆ. ಹಿಂದಿನ ದೀಪ ಉರೀತಿತ್ತಾ, ರಿಫ್ಲೆಕ್ಟಿವ್ ವೆಸ್ಟ್ ಮೈಮೇಲಿತ್ತಾ ಬ್ಯಾಗಲ್ಲಿತ್ತಾ, ಹಿಂದೆ ಅಣ್ಣನ ಕಾರು ಬರ್ತಿತ್ತಾ, ಮೊಪೆಡ್ ಹಿಂದೆ ಅಂಟಿಕೊಂಡು ಬಂದನಾ, ಯಾವುದೂ ಅದರಲ್ಲಿ ಇರಲ್ಲ. ಕಂಟ್ರೋಲ್ ಬಿಟ್ಟು ಬೇರೆಲ್ಲೂ ಹೊರಗಿನ ಸಹಾಯ ಇಲ್ಲ, ಹಿಂಬಾಲಿಸೋ ಕಾರು ಇಲ್ಲ, ಕತ್ತಲಲ್ಲಿ ದೀಪ ಮತ್ತು ವೆಸ್ಟ್ ಕಡ್ಡಾಯ. ನಿಯಮ ಪುಸ್ತಕದ ತಿರುಳೇ ಇದು. ಇದನ್ನು ನೋಡೋಕೆ ಇರೋ ಒಂದೇ ದಾರಿ ಹೇಳದೆ ರಸ್ತೆಯಲ್ಲಿ ನಿಲ್ಲೋದು. ಹೇಳಿ ಇಟ್ಟ ಕಂಟ್ರೋಲಿಗೆ ಎಲ್ಲರೂ ವೆಸ್ಟ್ ಹಾಕಿಕೊಂಡೇ ಬರ್ತಾರೆ.

ಹಾಗಾಗಿ ಬೆಳಿಗ್ಗೆ 8ಕ್ಕೆ ಚನ್ನಪಟ್ಟಣದಲ್ಲಿ ಇಟ್ಟರೆ ಶಾರ್ಟ್‌ಕಟ್ ಒಂದೇ ಸಿಗೋದು. ಸಂಜೆ ಬರುವಾಗ ಇಟ್ಟರೆ ದೀಪವೂ ಸಿಗುತ್ತೆ.

ಜ್ವಾಳದರೊಟ್ಟಿ
ಒಂದ್ ಮಾತ್ರೀ. ಡೈನಮೋ ಹಬ್ (ಗಾಲಿ ತಿರುಗಿದ್ರ ದೀಪಕ್ಕ ಕರೆಂಟ್ ಕೊಡೋದು) ಇರೋ ಸೈಕಲ್ಲ ನಿಲ್ಲಿಸಿ ದೀಪ ನೋಡಬ್ಯಾಡ್ರಿ. ಗಾಲಿ ನಿಂತ್ರ ಸ್ಟ್ಯಾಂಡ್‌ಲೈಟ್ ಅಷ್ಟs ಉಳಿತದ, ಅದೂ ನಾಲ್ಕೈದು ನಿಮಿಷ, ಮಿಣಿ ಮಿಣಿ. ಹಳೇ ಮಾಡೆಲ್ಲಿಗೆ ಅದೂ ಇರಂಗಿಲ್ಲ. "ನಿನ್ನ ದೀಪ ಹತ್ತಂಗಿಲ್ಲ" ಅಂತ ಬರಕೊಂಡ್ರ ಜಗಳ ಶುರು. 50 ಮೀಟರ್ ಮುಂಚೆ ಒಬ್ಬಾಂವ ನಿಂತು ಬರೋವಾಗs ನೋಡಿ ನಂಬರ್ ಬರಕೋಬೇಕು.

ಸ್ಟ್ಯಾಂಡ್‌ಲೈಟ್
ನನ್ನ ಹೆಸರು ಸಾರ್ಥಕ ಆಯ್ತು. ಇನ್ನೊಂದು ಸೇರಿಸಿ: ಹೆಲ್ಮೆಟ್ ಮೇಲಿನ ದೀಪ ಲೆಕ್ಕಕ್ಕಿಲ್ಲ. ದೀಪ ಸೈಕಲ್ಲಿಗೇ ಗಟ್ಟಿಯಾಗಿ ಬಿಗಿದಿರಬೇಕು. ಹಿಂದಿನ ದೀಪ ಸೀಟಿನ ಕೆಳಗೆ ಇದ್ದು ಸ್ಯಾಡಲ್ ಬ್ಯಾಗು ಅದನ್ನು ಮುಚ್ಚಿರೋದು ಬಹಳ ಸಾಮಾನ್ಯ. ಸವಾರನಿಗೆ ಅದು ಗೊತ್ತೇ ಇರಲ್ಲ, ಯಾಕಂದ್ರೆ ಹೊರಡುವಾಗ ಕಾಣ್ತಿತ್ತು. ಬಾಳೆಹಣ್ಣು, ಜಾಕೆಟ್ಟು ತುಂಬಿದ ಮೇಲೆ ಬ್ಯಾಗು ಜೋತು ಬಿದ್ದಿರುತ್ತೆ. ಇಂಥದ್ದನ್ನ ಹೇಳಿ ಸರಿ ಮಾಡಿಸಿ ಕಳಿಸಿ, ಕಾರ್ಡು ಕಿತ್ಕೋಬೇಡಿ.

ಹನ್ನೆರಡುಹಲ್ಲು
ಸರಿ, ದೀಪದ ಮಾತು ಒಪ್ಪಿದೆ. ಆದರೂ ಕಂಟ್ರೋಲು ಅಂದರೆ ಸಮಯ ಹಾಳು. 60ನೇ ಕಿ.ಮೀ.ನಲ್ಲಿ ಎಲ್ಲರೂ ಗುಂಪಾಗೇ ಬರ್ತಾರೆ. 12 ಜನ ಒಟ್ಟಿಗೆ ಬಂದರೆ, ಒಬ್ಬ ಕೂತು ತಲಾ 40 ಸೆಕೆಂಡ್ ತಗೊಂಡರೆ, ಕೊನೆಯವನಿಗೆ 8 ನಿಮಿಷ.

ಲೆಕ್ಕದಮೇಷ್ಟ್ರು
ಅದಕ್ಕೇ ಇಬ್ಬರು. ಒಬ್ಬರು ಮೊಹರು, ಒಬ್ಬರು ಸಮಯ ಅಂತ ಹಂಚಿದರೆ ಸಾಲು ಉದ್ದಾನೇ ಇರುತ್ತೆ. ಇಬ್ಬರೂ ಪೂರ್ತಿ ಕೆಲಸ ಮಾಡಬೇಕು, ಎರಡು ಸಾಲು. ಆಗ 4 ನಿಮಿಷ.

ಪಂಚರ್‌ಪುಟ್ಟ
ಮತ್ತೆ ಸವಾರರು ಕಾರ್ಡನ್ನ ಎಲ್ಲಿಟ್ಟಿರ್ತಾರೆ ಅನ್ನೋದು! ಬ್ಯಾಗಿನ ತಳದಲ್ಲಿ, ಟ್ಯೂಬಿನ ಕೆಳಗೆ, ಚಿಕ್ಕಿ ಅಂಟಿಕೊಂಡು. ಅರ್ಧ ಸಮಯ ಅಲ್ಲೇ ಹೋಗೋದು. ಜಿಪ್ ಕವರ್, ಕೊರಳಿಗೆ ಅಥವಾ ಹ್ಯಾಂಡಲ್‌ಬಾರ್ ಬ್ಯಾಗಿಗೆ ದಾರ. ಕಾರ್ಡು ಕಳೆದರೆ ಬ್ರೆವೆಯೇ ಹೋಯ್ತು, ಎಲ್ಲಿ ಯಾವಾಗ ಕಳೀತು ಅಂತ ಯಾರೂ ಕೇಳಲ್ಲ.

ಕೆಂಪುದೀಪ
ಮೊಹರಿನ ಬಗ್ಗೆ ಯಾರೂ ಹೇಳಲಿಲ್ಲ. ಸೆಲ್ಫ್ ಇಂಕ್ ಮೊಹರು ನೀರಿನ ಮಸಿಯದ್ದಾದರೆ ನುಣುಪು ಕಾರ್ಡಿನ ಮೇಲೆ ಒಣಗಲ್ಲ. ಸವಾರ ತಕ್ಷಣ ಮಡಚಿ ಬೆವರಿನ ಜೇಬಿಗೆ ಹಾಕ್ತಾನೆ, ಫಿನಿಶ್‌ನಲ್ಲಿ ತೆಗೆದಾಗ ನೀಲಿ ಮಚ್ಚೆ ಮಾತ್ರ. ಎಣ್ಣೆ ಮಸಿಯದ್ದು ತಗೊಳ್ಳಿ, ಇಲ್ಲಾ ಕಾರ್ಡ್ ಅಚ್ಚು ಹಾಕಿಸುವಾಗಲೇ ಲ್ಯಾಮಿನೇಷನ್ ಇಲ್ಲದ ಒರಟು ಕಾಗದ ಹೇಳಿ. ಸಮಯ ಬರೆಯೋಕೆ ಜೆಲ್ ಪೆನ್ ಬೇಡವೇ ಬೇಡ, ಒಂದು ಹನಿ ಬಿದ್ದರೆ 9 ಹೋಗಿ 8 ಆಗುತ್ತೆ. ಸಣ್ಣ ತುದಿಯ ಪರ್ಮನೆಂಟ್ ಮಾರ್ಕರ್ ಒಳ್ಳೇದು.

ಕಡಲತಡಿ
ಮಳೆಗಾಲದಲ್ಲಿ ಮಾರ್ಕರೂ ಒದ್ದೆ ಕಾಗದಕ್ಕೆ ಹಿಡಿಯುದಿಲ್ಲ. ನಮ್ಮ ಕಡೆ ಜೂನಿನಲ್ಲಿ ಕಾರ್ಡು ಅಂದ್ರೆ ನೀರುದೋಸೆ.

ಪಂಚಿಂಗ್ ಮೆಷಿನ್ ನೋಡಿ. ಬಸ್ಸಿನ ಕಂಡಕ್ಟರ್ ಟಿಕೆಟಿಗೆ ಟಕ್ ಅಂತ ಹೊಡೀತಿದ್ದದ್ದು, ಅದೇ. ನಕ್ಷತ್ರವೋ ಹೃದಯವೋ ಆಕಾರದ್ದು ಸ್ಟೇಷನರಿ ಅಂಗಡಿಯಲ್ಲಿ ಸಿಗ್ತದೆ. ಮಸಿ ಬೇಡ, ಅಳಿಸುದಿಲ್ಲ, ಒದ್ದೆ ಆದ್ರೂ ನಡೀತದೆ. ಯಾವ ಆಕಾರ ಅಂತ ಬೆಳಿಗ್ಗೆವರೆಗೆ ಇಬ್ಬರಿಗೆ ಮಾತ್ರ ಗೊತ್ತಿದ್ರೆ ಮುಂಚೆಯೇ ತೂತು ಮಾಡಿಕೊಂಡು ಬರ್ಲಿಕ್ಕೂ ಆಗುದಿಲ್ಲ.

ಕೆಂಪುದೀಪ
ತೂತು ಸರಿ, ಸಮಯ? ಗಂಟೆ ಇಲ್ಲದ ಮೊಹರು ಅರ್ಧ ಮೊಹರು.

ಕಡಲತಡಿ
ಸಮಯ ಕಂಟ್ರೋಲಿನವರ ಹಾಳೆಯಲ್ಲಿ ಇರ್ತದೆ, ಅಲ್ಲಿ ಛತ್ರಿ ಉಂಟು. ಕಾರ್ಡಿನಲ್ಲೂ ಬರೀರಿ, ಅದು ಹೋದ್ರೆ ಹಾಳೆ ನೋಡಿ. 24 ಗಂಟೆ ಲೆಕ್ಕದಲ್ಲಿ ಬರೀಬೇಕು: 19:05, ಸಂಜೆ 7:05 ಅಲ್ಲ. ಇಬ್ಬರದ್ದೂ ಫೋನ್ ಗಡಿಯಾರವನ್ನೇ ನೋಡಿ, ಕೈಗಡಿಯಾರ ಬೇಡ.

ರೆನ್‌ಕನ್ನಡಿಗ
ಫ್ರಾನ್ಸಿನಿಂದ ಒಂದು ಮಾತು. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ (ಪಿಬಿಪಿ) ಅನ್ನೋ ದೊಡ್ಡ ಬ್ರೆವೆಯಲ್ಲೂ ನಿಮ್ಮ ಬೈಪಾಸ್ ಕಥೆಯೇ. ಪ್ಯಾರಿಸ್‌ನಿಂದ ಬ್ರೆಸ್ಟಿಗೆ ಎನ್‌12 ಹೆದ್ದಾರಿ ಇದೆ. ಬ್ರೆವೆ ಹೋಗೋದು ಬೇರೆ ದಾರಿ: ವಿಲೇನ್ ಲಾ ಜುಯೆಲ್, ಫೂಜೇರ್, ತಾಂತೆನ್ಯಾಕ್, ಲೂದೆಯಾಕ್, ಕಾರೆ, ಹಳ್ಳಿ ಹಳ್ಳಿ ಸುತ್ತಿಕೊಂಡು. ಎರಡು ಕಂಟ್ರೋಲುಗಳ ನಡುವೆ 50, 80 ಕಿ.ಮೀ. ಅಂತರ ಇರುತ್ತಲ್ಲ, ಗುಪ್ತ ಕಂಟ್ರೋಲುಗಳು ಬರೋದು ಅಂಥ ಸಂದುಗಳಲ್ಲಿ. ಕಾಲಿಗೆ ಕಟ್ಟೋ ಚಿಪ್ಪು ಬಂದಮೇಲೂ ಕಾರ್ನೆ ಅನ್ನೋ ಪುಸ್ತಕಕ್ಕೆ ಮೊಹರು ಹಾಕೋದು ನಿಂತಿಲ್ಲ. ಚಿಪ್ಪು ಚಾಪೆ ಇದ್ದ ಕಡೆ ಮಾತ್ರ ಓದುತ್ತೆ.

ಅಂದಹಾಗೆ 1891ರ ಮೊದಲ ಪಿಬಿಪಿ ರೇಸಿನಲ್ಲೇ ಸವಾರರು ಪುಸ್ತಕ ಹಿಡಿದು ಊರೂರಲ್ಲಿ ಮೊಹರು, ಸಹಿ ಹಾಕಿಸ್ತಿದ್ದರು. ಗೆದ್ದ ಶಾರ್ಲ್ ತೆರೋಂ 71 ಗಂಟೆ ಚಿಲ್ಲರೆಯಲ್ಲಿ ಮುಗಿಸಿದ.

ಗಾಳಿಎದುರು
ಮತ್ತೆ 1904ರ ಟೂರ್ ಡಿ ಫ್ರಾನ್ಸ್. ರಾತ್ರಿ ಓಡೋ ಹಂತಗಳು, ಕತ್ತಲು, ಕಾರು, ರೈಲು. ಡಿಸೆಂಬರಿನಲ್ಲಿ ವಿಚಾರಣೆ ಮುಗಿದಾಗ ಮೊದಲ ನಾಲ್ಕು ಜನರನ್ನೂ ಕಿತ್ತು ಹಾಕಿ ಐದನೆಯವನಾದ ಆನ್ರಿ ಕಾರ್ನೆಗೆ ಗೆಲುವು ಕೊಟ್ಟರು. ಕಿತ್ತುಹಾಕಿದವರಲ್ಲಿ ಮೊರೀಸ್ ಗಾರಾಂ ಕೂಡ ಇದ್ದ. 1901ರ ಪಿಬಿಪಿ ಗೆದ್ದವನು ಅವನೇ. ಮೊಸ ಮಾಡೋದು ನಮ್ಮ ಕಾಲದ್ದೇನಲ್ಲ.

ಪಂಚರ್‌ಪುಟ್ಟ
"ಮೊಸ" ಅಲ್ಲ "ಮೋಸ". ಮೊಸರು ಅಂತ ಓದಿಬಿಟ್ಟೆ, ಹಸಿವು.

ಹನ್ನೆರಡುಹಲ್ಲು
ಅದು ರೇಸು, ಬಹುಮಾನ ಇತ್ತು. ಬ್ರೆವೆಯಲ್ಲಿ ಸ್ಥಾನ ಇಲ್ಲ, ದುಡ್ಡಿಲ್ಲ. ಯಾರು ಯಾರಿಗೆ ಮೋಸ ಮಾಡ್ತಾರೆ? ಬೈಪಾಸ್ ಹತ್ತಿದವನಿಗೆ ಒಂದು ಮೆಡಲ್ಲು, ಅದನ್ನೂ ಅವನೇ ದುಡ್ಡು ಕೊಟ್ಟು ತರಿಸಬೇಕು.

ಹಳೇರಸ್ತೆ
ಯಾರು ಯಾರಿಗೆ ಅಂದರೆ: ನಿಷೇಧ ಇರೋ ರಸ್ತೆ ಮೇಲೆ ನಮ್ಮ ನಂಬರ್ ಹಾಕಿಕೊಂಡ ಸೈಕಲ್ಲು ಪೊಲೀಸರ ಕ್ಯಾಮೆರಾಕ್ಕೆ ಬಿದ್ದರೆ ಮುಂದಿನ ಸಲ ಠಾಣೆಗೆ ಮಾಹಿತಿ ಪತ್ರ ಹಿಡ್ಕೊಂಡು ಹೋಗೋರು ನಾವು. 100 ಕಿ.ಮೀ. ವೇಗದ ಕಾರುಗಳ ಮಧ್ಯೆ ಏನಾದರೂ ಆದರೆ ಅದೂ ನಮ್ಮ ತಲೆಗೇ. ನನಗೆ ಮೆಡಲ್ ಚಿಂತೆ ಇಲ್ಲ.

ಜ್ವಾಳದರೊಟ್ಟಿ
ಮತ್ತ ಬ್ರೆವೆ ರೇಸ್ ಅಲ್ಲ ಅನ್ನೋದು ಖರೆ, ಆದ್ರ 600, 400, 300, 200 ಒಂದs ಸೀಸನ್ನಿನ್ಯಾಗ ಮುಗಿಸಿದಾಂವ ಸೂಪರ್ ರ‍್ಯಾಂಡನೂರ್. ಪಿಬಿಪಿಗೆ ಅರ್ಹತಾ ಇದರ ಮ್ಯಾಲೇ. ಸೀಟಿಗೆ ಮಿತಿ ಅದ. ಬೈಪಾಸಿನ್ಯಾಗ ಬಂದಾಂವನ ಕಾರ್ಡ್ ಪಾಸಾದ್ರ ಅಲ್ಲಿ ಯಾರದ್ದೋ ಸೀಟ್ ಹೋಗತದ.

ಮದ್ದೂರುಮಧ್ಯಾಹ್ನ
ಜಾಗದ ಮಾತಿಗೆ ಬರೋಣ. ಚನ್ನಪಟ್ಟಣ, ಮದ್ದೂರು ಎರಡೂ ಬೈಪಾಸ್ ತಪ್ಪಿಸೋ ಊರುಗಳೇ. ಆದರೆ ರಾಮನಗರ–ಚನ್ನಪಟ್ಟಣಕ್ಕೆ ಸೇರಿ ಒಂದೇ ಉದ್ದ ಬೈಪಾಸ್, ಮದ್ದೂರಿಂದು ಚಿಕ್ಕದು. ಹತ್ತೋ ಆಸೆ ಇರೋದು ಉದ್ದದ್ದಕ್ಕೇ. ರಾಮನಗರದ ಆಚೆ, ಚನ್ನಪಟ್ಟಣ ಮುಗಿಯೋದರ ಈಚೆ, ಹಳೇ ರಸ್ತೆ ಮೇಲೆ ಎಲ್ಲಿಟ್ಟರೂ ಸರಿ.

ಎಲ್ಲಿ ಇಡಬಾರದು ಅಂತಾನೂ ಹೇಳ್ತೀನಿ. ಇಳಿಜಾರಿನ ತಳದಲ್ಲಿ ಬೇಡ, 45ರಲ್ಲಿ ಬರೋನು ಕಂಡ ತಕ್ಷಣ ಬ್ರೇಕ್ ಹಿಡೀತಾನೆ, ಹಿಂದಿನವನು ಅವನ ಮೇಲೆ. ತಿರುವಿನ ಹಿಂದೆ ಬಚ್ಚಿಟ್ಟುಕೊಂಡೂ ಬೇಡ. ಗುಪ್ತ ಅಂದರೆ ಮುಂಚೆ ಹೇಳಲ್ಲ ಅಂತ ಅಷ್ಟೇ, ಗಿಡದ ಹಿಂದೆ ಅವಿತುಕೊಳ್ಳೋದು ಅಂತ ಅಲ್ಲ. 150–200 ಮೀಟರ್ ದೂರದಿಂದ ಬ್ಯಾನರ್ ಕಾಣಬೇಕು. ಹಂಪು ದಾಟಿ ಸ್ವಲ್ಪ ಮುಂದೆ ಅಂದರೆ ವೇಗ ಆಗಲೇ ಇಳಿದಿರುತ್ತೆ. ಎಡಗಡೆಯೇ ಇರಬೇಕು. ರಸ್ತೆ ದಾಟಿಸಬಾರದು, ಬಲಗಡೆ ಹೋಟೆಲ್ ಎಷ್ಟೇ ಚೆನ್ನಾಗಿದ್ದರೂ.

ಪೆಟ್ರೋಲ್ ಬಂಕ್ ಎಲ್ಲಕ್ಕಿಂತ ಒಳ್ಳೇದು. ಲೈಟು, ನೀರು, ಶೌಚಾಲಯ, ಸಿಸಿಟಿವಿ. ಮ್ಯಾನೇಜರ್ ಹತ್ತಿರ ಒಂದು ವಾರ ಮೊದಲೇ ಕೇಳಿ, ಹಿಂದಿನ ದಿನ ಮತ್ತೆ ಕೇಳಿ, ಯಾಕಂದ್ರೆ ಶಿಫ್ಟ್ ಬದಲಾಗಿರುತ್ತೆ. ಮಹಿಳಾ ಸ್ವಯಂಸೇವಕರು ಇದ್ದರೆ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಅಂತ ಖಚಿತ ಮಾಡ್ಕೊಳ್ಳಿ.

ಕೆಂಪುದೀಪ
ರಾತ್ರಿ ಕೆಂಪು–ನೀಲಿ ಮಿನುಗೋ ದೀಪ ಇಡಬೇಡಿ. ಪೊಲೀಸ್ ನಾಕಾ ಅಂದುಕೊಂಡು ಲಾರಿಗಳು ಸಡನ್ ಆಗಿ ಎಡಕ್ಕೆ ಎಳೀತವೆ, ಸೈಕಲ್ ಇರೋದೂ ಎಡಕ್ಕೇ. ಬಿಳಿ ದೀಪ ಬ್ಯಾನರಿನ ಮೇಲೆ ಬೀಳೋ ಹಾಗೆ, ಬರೋರ ಕಣ್ಣಿಗೆ ಹೊಡೆಯದ ಹಾಗೆ. ರಿಫ್ಲೆಕ್ಟರ್ ತ್ರಿಕೋನ ಎರಡು ಸಾಕು. ಸ್ವಯಂಸೇವಕರೂ ವೆಸ್ಟ್ ಹಾಕಬೇಕು, ಇದನ್ನ ಎಲ್ಲರೂ ಮರೀತಾರೆ.

ಗಾಳಿಎದುರು
ಇಷ್ಟೆಲ್ಲಾ ಇಲ್ಲಿ ಬರೆದ ಮೇಲೆ ಗುಪ್ತ ಎಲ್ಲಿ ಉಳೀತು? 70ರಲ್ಲಿ 40 ಜನ ಇದನ್ನ ಓದ್ತಿದ್ದಾರೆ.

ಹಳೇರಸ್ತೆ
ಓದಲಿ. ಹಳೇ ರಸ್ತೆಯಲ್ಲಿ ಬಂದರೆ ಆಯ್ತಲ್ಲ.

ಲೆಕ್ಕದಮೇಷ್ಟ್ರು
ವಾಟ್ಸಾಪ್ ವಿಷಯಕ್ಕೂ ಇದೇ ಉತ್ತರ. ಮುಂದೆ ಹೋದವನು "ಚನ್ನಪಟ್ಟಣದಲ್ಲಿ ಮೊಹರು ಇದೆ" ಅಂತ ಗುಂಪಿಗೆ ಹಾಕೇ ಹಾಕ್ತಾನೆ. ಅದನ್ನು ಓದಿ ಬೈಪಾಸ್ ಹತ್ತಬೇಕಿದ್ದವನು ಊರೊಳಗೆ ಬಂದರೆ ನಿಮ್ಮ ಕೆಲಸ ಆಯ್ತು. ಆಗಲೇ ಹತ್ತಿದವನಿಗೆ ಮಾತ್ರ ಫಜೀತಿ. ರೂಟು ಬಿಟ್ಟವನು ಬಿಟ್ಟ ಜಾಗಕ್ಕೇ ವಾಪಸ್ ಬಂದು ಮುಂದುವರೀಬೇಕು ಅನ್ನೋದು ಪದ್ಧತಿ. ಮುಂದಿನ ತಿರುವಿನಲ್ಲಿ ಒಳಗೆ ನುಗ್ಗಿ ಹಿಂದಿನಿಂದ ಬಂದು ಮೊಹರು ಹಾಕಿಸ್ಕೊಂಡ್ರೆ ಆಗಲ್ಲ. ಯಾವ ದಿಕ್ಕಿನಿಂದ ಬಂದ ಅಂತ ಹಾಳೆಯಲ್ಲಿ ಒಂದು ಕಾಲಂ ಇರಲಿ.

ಸ್ಟ್ಯಾಂಡ್‌ಲೈಟ್
ದಿಕ್ಕಿನ ಕಾಲಂ ಬಹಳ ಮುಖ್ಯ. ಮೈಸೂರು ಕಡೆಯಿಂದ ಬರಬೇಕಾದವನು ಬೆಂಗಳೂರು ಕಡೆಯಿಂದ ಬಂದರೆ ಮಾತಾಡೋ ಅಗತ್ಯವೇ ಇಲ್ಲ.

ಹನ್ನೆರಡುಹಲ್ಲು
ಅಥವಾ ಇಡ್ಲಿ ಹೋಟೆಲ್ ದಾಟಿಹೋಗಿ ವಾಪಸ್ ಬಂದಿರಬಹುದು.

ಸ್ಟ್ಯಾಂಡ್‌ಲೈಟ್
ಅದಕ್ಕೆ ನಿಮ್ಮ ಜಿಪಿಎಸ್ ಫೈಲ್ ತನ್ನಿ 😀 ಎರಡೂ ಜೊತೆಯಾಗೇ ಕೆಲಸ ಮಾಡೋದು. ಫೈಲ್ ಕೇಳುವಾಗ ಜಿಪಿಎಸ್ ಯಂತ್ರವೇ ಬರೆಯೋ ಫಿಟ್ ಫೈಲೇ ಕೇಳಿ. ಜಿಪಿಎಕ್ಸ್ ಬರೀ ಅಕ್ಷರದ ಫೈಲು, ಯಾರು ಬೇಕಾದರೂ ತೆರೆದು ಚುಕ್ಕೆ ಸೇರಿಸಬಹುದು. ಪ್ರತಿ ಸೆಕೆಂಡಿನ ರೆಕಾರ್ಡಿಂಗ್ ಇದ್ದರೆ ಒಳ್ಳೇದು. "ಸ್ಮಾರ್ಟ್" ಅಂತ ಇಟ್ಟರೆ ನೇರ ರಸ್ತೆಯಲ್ಲಿ ಚುಕ್ಕೆಗಳು ದೂರ ದೂರ ಬೀಳ್ತವೆ. ಸಮತಟ್ಟಿನಲ್ಲಿ ಗಂಟೆಗೆ 50, ಕೇಡೆನ್ಸ್ (ಪೆಡಲ್ ತಿರುಗೋ ಲೆಕ್ಕ) ಸೊನ್ನೆ, ಎದೆಬಡಿತ 95 ಅಂತಿದ್ದರೆ ಅದು ಸೈಕಲ್ ಸವಾರಿ ಅಲ್ಲ, ಟೆಂಪೋ ಸವಾರಿ.

ಪಂಚರ್‌ಪುಟ್ಟ
ಟೆಂಪೋದಲ್ಲಿ ಎದೆಬಡಿತ 95 ಇರೋಕೆ ಡ್ರೈವರ್ ಯಾರು ಅನ್ನೋದೂ ಮುಖ್ಯ.

ಜ್ವಾಳದರೊಟ್ಟಿ
ಮಂದಿ ಕಡಿಮಿ ಇದ್ರ ಮಾಹಿತಿ ಕಂಟ್ರೋಲ್ ಮಾಡ್ರಿ. ಕಾರ್ಡಿನ್ಯಾಗ ಒಂದ್ ಪ್ರಶ್ನೆ, ಆ ಜಾಗಕ್ಕ ಹೋದಾಂವಗ ಮಾತ್ರ ಉತ್ತರ ಸಿಗಬೇಕು. ಯಾರೂ ಕೂಡೋದು ಬ್ಯಾಡ. ಇಂಗ್ಲೆಂಡಿನ್ಯಾಗ ಇದು ಭಾಳ ನಡೀತದ.

ಆದ್ರ ಪ್ರಶ್ನೆ ಆರಿಸೋದು ಸರಳ ಅಲ್ರೀ. ಅಂಗಡಿ ಬೋರ್ಡಿನ ಬಣ್ಣ ಕೇಳಬ್ಯಾಡ್ರಿ, ಹಬ್ಬಕ್ಕ ಬಳೀತಾರ. ಫ್ಲೆಕ್ಸ್ ಅಂತೂ ಬ್ಯಾಡs ಬ್ಯಾಡ, ಮರುದಿನ ಇನ್ನೊಬ್ಬ ಸಾಹೇಬರ ಹುಟ್ಟಿದಹಬ್ಬ ಇರತದ. ಸ್ಟ್ರೀಟ್ ವ್ಯೂನ್ಯಾಗ ಕಾಣೋದೂ ಬ್ಯಾಡ, ಮನ್ಯಾಗ ಕುಂತs ಬರೀತಾರ. ಮೈಲಿಗಲ್ಲಿನ ಅಂಕಿ ಚಲೋ. ಹಳದಿ ತಲಿ ಇದ್ರ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ರ ರಾಜ್ಯ ಹೆದ್ದಾರಿ. ಬೈಪಾಸ್ ಆದಮ್ಯಾಲ ಊರೊಳಗಿನ ಹಳೇ ಕಲ್ಲು ಹಂಗs ಉಳಿದಿರತಾವ, ಅಂಥಾದ್ದು ಕೇಳ್ರಿ. ಹಿಂದಿನ ದಿನ ಹೋಗಿ ಕಲ್ಲು ಇನ್ನೂ ನಿಂತದೋ ಇಲ್ಲೋ ನೋಡಿ ಬರ್ರಿ.

ಮದ್ದೂರುಮಧ್ಯಾಹ್ನ
ಕತ್ತಲಾದ ಮೇಲೆ ಓದೋಕಾಗಬೇಕು ಅನ್ನೋದನ್ನೂ ಸೇರಿಸಿ. ಮತ್ತೆ ಕಲ್ಲಿನ ಬುಡದಲ್ಲಿ ಪೋಸ್ಟರ್ ಅಂಟಿಸಿರ್ತಾರೆ.

ಹಳೇರಸ್ತೆ
ಇದು ಹಿಡಿಸ್ತು. ಹೋಗುವಾಗ ಮೈಲಿಗಲ್ಲು ಪ್ರಶ್ನೆ, ಬರುವಾಗ ಜನ ಕೂರೋ ಗುಪ್ತ ಕಂಟ್ರೋಲು. ಒಂಬತ್ತು ಗಂಟೆಗೆ ಎರಡು ಪಾಳಿ, ನಾಲ್ಕು ಜನ. 1ರಿಂದ 5:30 ಒಂದು, 5:30ರಿಂದ 10 ಇನ್ನೊಂದು.

ತಪ್ಪಿಸಿಕೊಂಡವರ ವಿಷಯ ಯಾರೂ ಹೇಳಲಿಲ್ಲ.

ಲೆಕ್ಕದಮೇಷ್ಟ್ರು
ಮೂರು ಥರ ತಪ್ಪುತ್ತೆ. ಒಂದು, ಸವಾರ ಬರಲೇ ಇಲ್ಲ: ಬೈಪಾಸಿನಲ್ಲಿ ಹೋದ. ಮೊಹರು ಇಲ್ಲ, ಬ್ರೆವೆ ಇಲ್ಲ. ಎರಡು, ಬಂದ, ಆದರೆ ಕಾಣದೆ ದಾಟಿಹೋದ: ಬ್ಯಾನರ್ ಬಿದ್ದಿತ್ತು, ಬಸ್ಸು ಅಡ್ಡ ನಿಂತಿತ್ತು. ಮೂರು, ನಿಮ್ಮವರೇ ಇರಲಿಲ್ಲ. ಮೂರನೇದು ನಡೆಯೋದೇ ಹೆಚ್ಚು ಅಂತ ಮೊದಲೇ ತಿಳ್ಕೊಳ್ಳಿ. ಗಾಡಿ ಪಂಚರ್, ಎರಡನೇ ಪಾಳಿಯವರು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರು, ಟೀ ಕುಡಿಯೋಕೆ ಹೋದರು.

ಆದ್ದರಿಂದ ಕೂತ ಕೂಡಲೇ ಬ್ಯಾನರ್ ಜೊತೆ ಫೋಟೋ ತೆಗೆದು ಆಯೋಜಕರಿಗೆ ಕಳಿಸಿ, ಎದ್ದಾಗ ಇನ್ನೊಂದು. ಆ ಎರಡು ಫೋಟೋಗಳ ನಡುವಿನ ಸಮಯಕ್ಕೆ ಮಾತ್ರ ಸವಾರರನ್ನು ಕೇಳಬಹುದು. 1:40ಕ್ಕೆ ತೆರೆದು 1:25ಕ್ಕೆ ದಾಟಿದವನ ಕಾರ್ಡು ತಿರಸ್ಕರಿಸಿದರೆ ಅದು ಅನ್ಯಾಯ. ಎರಡನೇ ಥರದವರಿಗೆ ಫೈಲ್ ನೋಡಿ, ಬಂಕಿನ ಸಿಸಿಟಿವಿ ಕೇಳಿ. ಅದು ಆಯೋಜಕರ ವಿವೇಚನೆ.

ಗಾಳಿಎದುರು
ಬೇಗ ಬಂದವರು? 240ನೇ ಕಿ.ಮೀ.ಗೆ 12:50ಕ್ಕೇ ಬಂದರೆ?

ಲೆಕ್ಕದಮೇಷ್ಟ್ರು
ಗಂಟೆಗೆ 34ಕ್ಕಿಂತ ಜೋರಾಗಿ, ನಿಲ್ಲದೆ, ಮೈಸೂರು ನೋಡಿ ಬಂದನಾ? ಕೂರಿಸಿ, ನೀರು ಕೊಡಿ, 1:08 ಆದ ಮೇಲೆ ಮೊಹರು ಹಾಕಿ. ಮಂಡ್ಯದಲ್ಲೂ ಹಾಗೇ ಆಗಿರುತ್ತೆ, ಅಲ್ಲಿ 200ಕ್ಕೆ ತೆರೆಯೋದೇ 11:53ಕ್ಕೆ.

ಪಂಚರ್‌ಪುಟ್ಟ
ಮಂಡ್ಯ 200 ಅಂದರೆ ಮುಚ್ಚೋದು 13:30 ಅಲ್ವಾ? 7:30 ಸಂಜೆ?

ಲೆಕ್ಕದಮೇಷ್ಟ್ರು
ಅಲ್ಲ. 13 ಗಂಟೆ 30 ನಿಮಿಷ 200ರ ಬ್ರೆವೆಯ ಫಿನಿಶಿಗೆ ಮಾತ್ರ. 300ರ ನಡುವೆ ಬರೋ 200ನೇ ಕಿ.ಮೀ.ಗೆ 15ರಿಂದ ಭಾಗಿಸಿ: 13:20. ಅಂದರೆ 7:20. ಈ ಹತ್ತು ನಿಮಿಷದ ತಪ್ಪು ಅಚ್ಚಾದ ಕಾರ್ಡುಗಳಲ್ಲೇ ಕಾಣ್ಸುತ್ತೆ.

ಕಡಲತಡಿ
ಒಂದು ಸಂಶಯ. ಹೊರಗಿನ ಸಹಾಯ ಕಂಟ್ರೋಲಿನಲ್ಲಿ ಮಾತ್ರ ಸಿಗಬಹುದು ಅಂತ ನಿಯಮ. ಗುಪ್ತ ಕಂಟ್ರೋಲೂ ಕಂಟ್ರೋಲೇ ಅಲ್ವಾ? ಅಲ್ಲಿ ಮನೆಯವರು ಕಾರು ತಂದು ಊಟ ಕೊಟ್ಟರೆ?

ಸ್ಟ್ಯಾಂಡ್‌ಲೈಟ್
ಎಲ್ಲಿದೆ ಅಂತ ಹೇಳದ ಕಂಟ್ರೋಲಿಗೆ ಮನೆಯವರು ಸರಿಯಾದ ಹೊತ್ತಿಗೆ ಊಟದ ಡಬ್ಬಿ ಹಿಡಿದು ಬಂದರು ಅಂದರೆ ಹಿಂದೇ ಬರ್ತಿದ್ದರು ಅಂತಲೇ ಅರ್ಥ. ಕಾರಿನ ನಂಬರ್ ಬರ್ಕೊಳ್ಳಿ.

ಆಯೋಜಕರು ಎಲ್ಲರಿಗೂ ಸಮನಾಗಿ ನೀರು, ಬಾಳೆಹಣ್ಣು ಇಟ್ಟರೆ ಅದು ಬೇರೆ ಮಾತು. 240ರಲ್ಲಿ ಅದು ಬೇಕೂ ಬೇಕು. ಜನ ಬೈಕೊಳ್ಳದೆ ನಿಲ್ಲೋದು ಆಗಲೇ.

ಮದ್ದೂರುಮಧ್ಯಾಹ್ನ
ಬಾಳೆಹಣ್ಣಿನ ಬದಲು ಮದ್ದೂರು ವಡೆ ಇಡಿ.

ಹನ್ನೆರಡುಹಲ್ಲು
60 ಕಿ.ಮೀ. ಬಾಕಿ ಇರುವಾಗ ಎಣ್ಣೆಯಲ್ಲಿ ಕರಿದ ರವೆ ಮತ್ತು ಈರುಳ್ಳಿ. ಬಿಡದಿ ಹೊತ್ತಿಗೆ ಎದೆಯುರಿ ಗ್ಯಾರಂಟಿ.

ಮದ್ದೂರುಮಧ್ಯಾಹ್ನ
ಎದೆಯುರಿ ಬರೋದು ವಡೆಯಿಂದ ಅಲ್ಲ, ಅದರ ಹಿಂದೆ ಕುಡಿಯೋ ಮೂರನೇ ಟೀಯಿಂದ.

ಪಂಚರ್‌ಪುಟ್ಟ
ಹೊಸ ಥ್ರೆಡ್ ತೆಗೀರಿ, ಇದು ದೊಡ್ಡ ಜಗಳ.

ಕೆಂಪುದೀಪ
ಹಳೇರಸ್ತೆ ಅವರೇ, ಸಂಜೆ ಪಾಳಿಯವರಿಗೆ ಒಂದು ಕಿಟ್ ಪಟ್ಟಿ, ಹೊರಡೋ ಮುನ್ನ ಚೀಲ ಬಿಚ್ಚಿ ನೋಡಿ: ಎರಡು ಪಂಚಿಂಗ್ ಮೆಷಿನ್, ಎರಡು ಮಾರ್ಕರ್, ಸವಾರರ ನಂಬರ್ ಹಾಳೆ ಎರಡು ಪ್ರತಿ ಹಲಗೆ ಕ್ಲಿಪ್ಪಿನ ಜೊತೆ, ಬ್ಯಾನರ್ ಕಟ್ಟೋಕೆ ಟೈ, ತ್ರಿಕೋನ ಎರಡು, ಬಿಳಿ ದೀಪ ಒಂದು, ಪವರ್ ಬ್ಯಾಂಕ್, ವೆಸ್ಟ್, 20 ಲೀಟರ್ ನೀರಿನ ಕ್ಯಾನು, ಓಆರ್‌ಎಸ್, ಸೊಳ್ಳೆ ಮುಲಾಮು. ಕೊನೆಯದನ್ನ ನಗಬೇಡಿ, ಕೆರೆ ಹತ್ತಿರದ ಬಂಕಿನಲ್ಲಿ ರಾತ್ರಿ 8ಕ್ಕೆ ಕೂತರೆ ಗೊತ್ತಾಗುತ್ತೆ.

ಜ್ವಾಳದರೊಟ್ಟಿ
ಹಾಳಿ ಎರಡು ಪ್ರತಿ ಯಾಕ್ರೀ?

ಕೆಂಪುದೀಪ
ಪಾಳಿ ಬದಲಾಗುವಾಗ ಮೊದಲಿನವರು ಹಾಳೆ ಜೇಬಲ್ಲಿಟ್ಟುಕೊಂಡು ಮನೆಗೆ ಹೋಗ್ತಾರೆ. 5:30ರ ಹೊತ್ತಿಗೆ 30 ಜನ ದಾಟಿದ್ದರು ಅಂತಿಟ್ಟುಕೊಳ್ಳಿ, ಎರಡನೇ ಪಾಳಿಯವರಿಗೆ ಯಾರು ಬಾಕಿ ಅಂತ ಗೊತ್ತಿರಲ್ಲ, ಖಾಲಿ ರಸ್ತೆ ನೋಡ್ಕೊಂಡು 10ರವರೆಗೆ ಕೂತಿರ್ತಾರೆ.

ಹಳೇರಸ್ತೆ
ಮೈಲಿಗಲ್ಲು ಹುಡುಕೋಕೆ ಭಾನುವಾರ ಹೋಗ್ತಿದ್ದೀವಿ. ಸಂಜೆ ಪಾಳಿಗೆ ಇನ್ನೂ ಒಬ್ಬರು ಬೇಕು, ಸ್ವಂತ ಬೈಕ್ ಇರಲಿ. ಬಂಕಿನ ಮ್ಯಾನೇಜರ್ ಒಪ್ಪಿದ್ದಾರೆ, ಶೌಚಾಲಯದ ಕೀ ರಾತ್ರಿ 9ಕ್ಕೆ ಒಳಗೆ ಹೋಗುತ್ತಂತೆ, ಅದಕ್ಕೆ ಏನಾದರೂ ದಾರಿ ನೋಡಬೇಕು.

ಮದ್ದೂರುಮಧ್ಯಾಹ್ನ
ನಾನು ಬರ್ತೀನಿ. ವಡೆ ನನ್ನ ಕಡೆಯಿಂದ.